ವಾಹನ ಪ್ರಶ್ನೋತ್ತರ: ಪ್ರವಾಸಿ ಟ್ರೇಲರ್ ಎಳೆಯಲು ಯಾವ ಪಿಕಪ್?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟವಿದೆ. ಮನೆಯಿಂದ ಪೇಟೆಗೆ 9 ಕಿ.ಮೀ. ದಾರಿ, ಅದರಲ್ಲಿ ಒಂದೂವರೆ ಕಿ.ಮೀ. ಜಂಬಿಟ್ಟಿಗೆ ಮಣ್ಣಿನ ರಸ್ತೆ. ದಿನನಿತ್ಯದ ಓಡಾಟಕ್ಕೂ, ವರ್ಷಕ್ಕೆ ಮೂರು ನಾಲ್ಕು ಬಾರಿ ಪ್ರವಾಸಿ ಟ್ರೇಲರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಚಕ್ರದ ಮನೆ) ಎಳೆದುಕೊಂಡು ಮಕ್ಕಳು ಮೊಮ್ಮಕ್ಕಳೊಂದಿಗೆ ಹೋಗುವುದಕ್ಕೂ ಒದಗುವ ಒಂದೇ ಪಿಕಪ್ ಕೊಳ್ಳಬೇಕೆಂದಿದ್ದೇನೆ. ಟ್ರೇಲರಿನ ಖಾಲಿ ತೂಕ 1,000 ಕೆ.ಜಿ. ಎಂದು ತಯಾರಕರು ಹೇಳಿದ್ದಾರೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಮಹೀಂದ್ರಾ ಬೊಲೆರೊ ಕ್ಯಾಂಪರ್ ಈ ಮೂರರಲ್ಲಿ ಯಾವುದು ಸೂಕ್ತ? ಆಗುಂಬೆ ಘಾಟಿಯಲ್ಲಿ ಟ್ರೇಲರ್ ಇಳಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈ ವಿಷಯದಲ್ಲಿ ನಮಗೆ ಬರುವ ಹೆಚ್ಚಿನ ಪತ್ರಗಳು ಎಂಜಿನ್ನಿನ ಶಕ್ತಿಯನ್ನು ಕುರಿತವು. ನೀವು ಘಾಟಿ ಇಳಿಸುವ ಮಾತನ್ನೂ ಕೇಳಿದ್ದೀರಿ. ಪಿಕಪ್ಪಿನ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ಮಲೆನಾಡಿನಲ್ಲಿ ಟ್ರೇಲರ್ ಎಳೆಯುವವರಿಗೆ ಏರು ಅಷ್ಟು ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಇಳಿಜಾರಿನಲ್ಲಿ ಮತ್ತು ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ ಕೂರುವ ಭಾರದಲ್ಲಿ.

ಮೊದಲು ತೂಕದ ವಿಷಯ. 1,000 ಕೆ.ಜಿ. ಎಂಬುದು ಟ್ರೇಲರ್ ಕಾರ್ಖಾನೆಯ ಅಂಗಳದಲ್ಲಿ ನಿಂತಾಗಿನ ತೂಕ. ನೀವು ಪ್ರವಾಸಕ್ಕೆ ಹೊರಡುವಾಗ ಅದರಲ್ಲಿ ನೂರು ಲೀಟರ್ ನೀರಿದ್ದರೆ ಅದೇ 100 ಕೆ.ಜಿ.; ತುಂಬಿದ ಅಡುಗೆ ಅನಿಲದ ಸಿಲಿಂಡರ್ ಒಂದಕ್ಕೆ ಸುಮಾರು 30 ಕೆ.ಜಿ.; ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ, ಬಟ್ಟೆಬರೆ, ಮಡಚುವ ಕುರ್ಚಿ, ಬದಲಿ ಚಕ್ರ ಎಲ್ಲವೂ ಸೇರಿದರೆ 1,350 ಕೆ.ಜಿ. ದಾಟಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಲೆಕ್ಕವನ್ನು ಯಾವಾಗಲೂ ತುಂಬಿದ ಟ್ರೇಲರಿನ ಮೇಲೆಯೇ ಹಾಕಬೇಕು. ಸಾಧ್ಯವಾದರೆ ಅದೇ ಮಾದರಿಯ, ಸಾಮಾನು ತುಂಬಿದ ಟ್ರೇಲರೊಂದನ್ನು ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿದ ಮೇಲೆಯೇ ಪಿಕಪ್ಪಿಗೆ ಮುಂಗಡ ಕೊಡಿ.

ಆ ತೂಕದಲ್ಲಿ ಒಂದು ಪಾಲು ಪಿಕಪ್ಪಿನ ಕೊಂಡಿಯ ಮೇಲೆ ನೇರವಾಗಿ ಕೂರುತ್ತದೆ. ಇದನ್ನು ಮೂತಿ ಭಾರ ಎನ್ನೋಣ. ಇದು ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟಿದ್ದರೆ ಟ್ರೇಲರ್ ನೆಟ್ಟಗೆ ಹಿಂಬಾಲಿಸುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಾಲ ಬೀಸಲು ತೊಡಗುತ್ತದೆ. ಅಡಿಕೆ ಬೆಳೆಗಾರರಾದ ನಿಮಗೆ ಇದನ್ನು ಅಳೆಯಲು ಬೇರೆ ಸಾಧನವೇ ಬೇಡ. ಸಮತಟ್ಟಾದ ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿ, ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಅಡಿಕೆ ಚೀಲ ತೂಗುವ ಪ್ಲಾಟ್‌ಫಾರಂ ತಕ್ಕಡಿಯನ್ನು ಕೊಂಡಿಯ ಕೆಳಗೆ ತಂದಿಡಿ. ತಕ್ಕಡಿಯ ಮೇಲೆ ಗಟ್ಟಿಯಾದ ಮರದ ತುಂಡೊಂದನ್ನು ನಿಲ್ಲಿಸಿ, ಪಿಕಪ್ಪಿನ ಕೊಂಡಿ ಎಷ್ಟು ಎತ್ತರದಲ್ಲಿರುತ್ತದೆಯೋ ಅಷ್ಟೇ ಎತ್ತರದಲ್ಲಿ ಟ್ರೇಲರಿನ ಮೂತಿ ಆ ಮರದ ಮೇಲೆ ಕೂರುವಂತೆ ಜಾಕನ್ನು ನಿಧಾನವಾಗಿ ಇಳಿಸಿ. ತಕ್ಕಡಿ ತೋರಿಸುವ ಅಂಕಿಯಿಂದ ಮರದ ತೂಕವನ್ನು ಕಳೆದರೆ ಉಳಿಯುವುದೇ ಮೂತಿ ಭಾರ. ನನ್ನ ಸ್ನೇಹಿತರ ಮನೆಯಂಗಳದಲ್ಲಿ ಹೀಗೆ ತೂಗಿದಾಗ ಮೊದಲು 128 ಕೆ.ಜಿ. ಬಂದಿತ್ತು; ಅಚ್ಚಿನ ಹಿಂಭಾಗದಲ್ಲಿದ್ದ ನೀರಿನ ಟ್ಯಾಂಕನ್ನು ತುಂಬುತ್ತ ಹೋದಂತೆ ಅಂಕಿ ಇಳಿಯುತ್ತ ಬಂದು 90ರ ಹತ್ತಿರ ನಿಂತಿತು. ನೀರು ತುಂಬಿದ್ದರಿಂದ ಟ್ರೇಲರ್ ಭಾರವಾಗಿತ್ತು, ಆದರೆ ಮೂತಿ ಹಗುರವಾಗಿತ್ತು. ಅದುವರೆಗೆ ಆ ಟ್ರೇಲರ್ ಹೆದ್ದಾರಿಯಲ್ಲಿ ಯಾಕೆ ತೂಗಾಡುತ್ತದೆಂದು ಅವರಿಗೆ ತಿಳಿದೇ ಇರಲಿಲ್ಲ.

ಈಗ ಪಿಕಪ್ಪಿನ ಕಡೆಗೆ ಬರೋಣ. ಯಾವ ವಾಹನವನ್ನೇ ನೋಡಲು ಹೋದರೂ ಅದರ ನೋಂದಣಿ ಪತ್ರದಲ್ಲಿರುವ ಎರಡು ಅಂಕಿಗಳನ್ನು ಬರೆದುಕೊಳ್ಳಿ: ಖಾಲಿ ವಾಹನದ ತೂಕ ಮತ್ತು ಭಾರ ಸಹಿತ ಗರಿಷ್ಠ ತೂಕ. ಇವೆರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕರ ತೂಕ ಸೇರಿರುವುದಿಲ್ಲ, ಆದ್ದರಿಂದ ಸ್ಟೀರಿಂಗ್ ಹಿಂದೆ ಕೂರುವ ನೀವೂ ಈ ಲೆಕ್ಕದೊಳಗೇ ಬರುತ್ತೀರಿ. ಒಂದು ಉದಾಹರಣೆ ನೋಡಿ. ವ್ಯತ್ಯಾಸ 450 ಕೆ.ಜಿ. ಎಂದಿಟ್ಟುಕೊಂಡರೆ, ನಾಲ್ಕು ಜನರಿಗೆ 270, ಹಿಂದಿನ ತೊಟ್ಟಿಯಲ್ಲಿನ ಸಾಮಾನಿಗೆ 60, ಮಳೆಗೆಂದು ಹಾಕಿಸಿದ ಮುಚ್ಚಳಕ್ಕೆ 50, ಕೊಂಡಿಯ ಉಕ್ಕಿಗೆ 25, ಮೂತಿ ಭಾರಕ್ಕೆ 135. ಒಟ್ಟು 540. ಅಂದರೆ ಮೂರು ಟನ್ನಿಗೂ ಹೆಚ್ಚು ಎಳೆಯಬಲ್ಲದು ಎಂದು ಹೊಗಳಿಸಿಕೊಂಡ ಪಿಕಪ್ 1,350 ಕೆ.ಜಿ.ಯ ಟ್ರೇಲರಿಗೇ 90 ಕೆ.ಜಿ. ಮಿತಿ ಮೀರಿತು! ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಎಳೆಯುವ ಮಿತಿಯನ್ನು ಎಲ್ಲರೂ ಕೇಳುತ್ತಾರೆ, ಹೊರುವ ಮಿತಿಯನ್ನು ಕೇಳುವವರು ಕಡಿಮೆ.

ಎಳೆಯುವ ಮಿತಿಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಆಸ್ಟ್ರೇಲಿಯದಲ್ಲಿ ಹೈಲಕ್ಸ್ ಮತ್ತು ಡಿ-ಮ್ಯಾಕ್ಸ್ (ನಮ್ಮ ವಿ-ಕ್ರಾಸ್‌ಗೆ ಅಲ್ಲಿರುವ ಹೆಸರು) ಎರಡರ ನಾಲ್ಕು ಚಕ್ರ ಚಾಲನೆಯ ಮಾದರಿಗಳಿಗೂ 3,500 ಕೆ.ಜಿ. ಎಂಬ ಮಿತಿಯನ್ನು ತಯಾರಕರು ಕೊಡುತ್ತಾರೆ. ಆದರೆ ಅದು ಸ್ವಂತ ಬ್ರೇಕ್ ಇರುವ ಟ್ರೇಲರಿಗೆ ಮಾತ್ರ, ಬ್ರೇಕ್ ಇಲ್ಲದ ಟ್ರೇಲರಾದರೆ ಅಲ್ಲಿಯ ಮಿತಿ 750 ಕೆ.ಜಿ. ಅಂತರ್ಜಾಲದಲ್ಲಿ ಕಾಣುವ ಆ ಅಂಕಿಯನ್ನು ಇಲ್ಲಿ ಮಾರುವ ವಾಹನಕ್ಕೆ ಹಾಗೆಯೇ ಅಂಟಿಸಬೇಡಿ. ಬೇರೆ ಬೇರೆ ದೇಶಗಳಿಗೆ ಹೋಗುವ ಒಂದೇ ಹೆಸರಿನ ವಾಹನಗಳಲ್ಲಿ ಸ್ಪ್ರಿಂಗ್, ಎಂಜಿನ್, ಅನುಮೋದಿತ ತೂಕ ಎಲ್ಲವೂ ಬೇರೆಯಾಗಿರಬಹುದು. ಇಲ್ಲಿಯ ಮಾಲೀಕರ ಕೈಪಿಡಿಯಲ್ಲಿ ಏನಿದೆ ಎಂಬುದನ್ನು ನೋಡಿ, ಅಲ್ಲಿ ಸ್ಪಷ್ಟವಿಲ್ಲದಿದ್ದರೆ ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ.

ಎಂಜಿನ್ನಿನ ಲೆಕ್ಕ ಬೇಗ ಮುಗಿಯುತ್ತದೆ. ಪಿಕಪ್, ಟ್ರೇಲರ್, ಜನ ಎಲ್ಲ ಸೇರಿ 4 ಟನ್ ಎಂದುಕೊಂಡು, 100 ಮೀಟರ್ ಸಾಗಿದರೆ 8 ಮೀಟರ್ ಮೇಲೇರುವ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 60 ಅಶ್ವಶಕ್ತಿ ಬೇಕಾಗುತ್ತದೆ. ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಎಂಜಿನ್ 163 ಅಶ್ವಶಕ್ತಿಯನ್ನೂ 360 ನ್ಯೂಟನ್ ಮೀಟರ್ ತಿರುಚುಬಲವನ್ನೂ ಕೊಡುತ್ತದೆ. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿಯನ್ನೂ, ಮ್ಯಾನ್ಯುವಲ್ ಗೇರಿನಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರನ್ನೂ ಕೊಡುತ್ತದೆ. ಎರಡಕ್ಕೂ ನಿಮ್ಮ ಟ್ರೇಲರ್ ಭಾರವಲ್ಲ. ಕ್ಯಾಂಪರಿನ ಎಂಜಿನ್ ಸುಮಾರು 75 ಅಶ್ವಶಕ್ತಿಯದು; ಎಳೆಯುವುದೇ ಇಲ್ಲವೆಂದಲ್ಲ, ಆದರೆ ಪ್ರತಿ ಏರಿನಲ್ಲೂ ಎರಡನೆಯ ಗೇರಿನಲ್ಲಿ ಅದರ ಶಕ್ತಿಯೆಲ್ಲ ಖರ್ಚಾಗುತ್ತದೆ ಮತ್ತು ಹಿಂದೆ ಬಸ್ಸುಗಳ ಸಾಲು ಬೆಳೆಯುತ್ತದೆ.

ಇನ್ನು ಇಳಿಯುವ ಮಾತು. 4 ಟನ್ ತೂಕ 100 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚು. ಅಂದರೆ 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಗಂಟೆ ಕಾಲ ಬಿಡದೆ ಕಾಯಿಸಿದರೆ ಹೊರಬರುವಷ್ಟು ಶಾಖ, ಕೆಲವೇ ನಿಮಿಷಗಳಲ್ಲಿ. ಪ್ರತಿ 100 ಮೀಟರಿಗೂ ಇಷ್ಟು ಶಾಖವನ್ನು ಎಂಜಿನ್ನಿನ ತಡೆಯೋ ಬ್ರೇಕುಗಳೋ ನುಂಗಬೇಕು. ನಾಲ್ಕು ವರ್ಷಗಳ ಹಿಂದೆ ಮೇಲೆ ಹೇಳಿದ ಸ್ನೇಹಿತರ ಟ್ರೇಲರನ್ನು ನಾನು ಹುಲಿಕಲ್ ಘಾಟಿಯಲ್ಲಿ ಇಳಿಸುತ್ತಿದ್ದಾಗ, ಅರ್ಧ ದಾರಿಗೆ ಬರುವ ಹೊತ್ತಿಗೆ ಸುಟ್ಟ ವಾಸನೆ ಬಂದಿತು. ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ ನೋಡಿದರೆ ಟ್ರೇಲರಿನ ಎಡಗಡೆಯ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಚಕ್ರದ ನಡುವಿನ ಹಬ್ಬಿನ ಹತ್ತಿರ ಅಂಗೈ ಹಿಡಿಯುವುದೂ ಆಗದಷ್ಟು ಬಿಸಿ. ಹಿಂದಿನ ಸಂಜೆ ಬಿದ್ದ ಮಳೆಯ ನೀರು ಧರೆಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಆ ತಣ್ಣನೆಯ ಬೆಳಗಿನಲ್ಲಿ ಮುಕ್ಕಾಲು ಗಂಟೆ ಕಾದರೂ ಬಿಸಿ ಪೂರ್ತಿ ಆರಲಿಲ್ಲ. ತಪ್ಪು ನನ್ನದೇ ಆಗಿತ್ತು. ಮೂರನೆಯ ಗೇರಿನಲ್ಲಿ ಇಳಿಯುತ್ತ, ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಬಂದಿದ್ದೆ.

ಆ ಟ್ರೇಲರಿನಲ್ಲಿದ್ದದ್ದು ತಳ್ಳುಬ್ರೇಕು: ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳಿಕೆಯಿಂದಲೇ ಅದರ ಬ್ರೇಕು ಹಿಡಿಯುತ್ತದೆ. ಬಯಲು ಸೀಮೆಗೆ ಇದು ಸರಳ ಮತ್ತು ಒಳ್ಳೆಯ ಏರ್ಪಾಡು. ಉದ್ದನೆಯ ಇಳಿಜಾರಿನಲ್ಲಾದರೆ ಟ್ರೇಲರ್ ಉದ್ದಕ್ಕೂ ತಳ್ಳುತ್ತಲೇ ಇರುವುದರಿಂದ ಬ್ರೇಕು ಉದ್ದಕ್ಕೂ ಹಿಡಿದುಕೊಂಡೇ ಇರುತ್ತದೆ. ಚಾಲಕರ ಕೈಯಳತೆಯಲ್ಲಿ ನಿಯಂತ್ರಕವಿರುವ ವಿದ್ಯುತ್ ಬ್ರೇಕಿನಲ್ಲಿ ಯಾವಾಗ, ಎಷ್ಟು ಹಿಡಿಯಬೇಕೆಂಬುದನ್ನು ನೀವೇ ನಿರ್ಧರಿಸಬಹುದು. ನಿಮ್ಮ ಟ್ರೇಲರಿಗೆ ವಿದ್ಯುತ್ ಬ್ರೇಕನ್ನೇ ಹಾಕಿಸಿ ಎಂದು ನಾನು ಒತ್ತಿ ಹೇಳುತ್ತೇನೆ, ಅದರ ಜೊತೆಗೆ ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ತಂತಿಯೂ ಇರಲಿ.

ಆಗುಂಬೆಯ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೈಲಕ್ಸ್ ಆಗಲಿ ವಿ-ಕ್ರಾಸ್ ಆಗಲಿ ಸುಮಾರು 5.3 ಮೀಟರ್ ಉದ್ದದ ವಾಹನಗಳು. ಹಿಂದೆ ಟ್ರೇಲರ್ ಸೇರಿದರೆ 10 ಮೀಟರ್ ಹತ್ತಿರವಾಗುತ್ತದೆ, ಮೇಲಾಗಿ ಟ್ರೇಲರಿನ ಚಕ್ರಗಳು ಪಿಕಪ್ಪಿನ ಜಾಡಿನಲ್ಲಿ ಬರದೆ ಒಳಬದಿಗೆ ಒತ್ತಿ ಬರುತ್ತವೆ. ತಿರುವಿನಲ್ಲಿ ಪೂರ್ತಿ ರಸ್ತೆ ಬೇಕಾಗುತ್ತದೆ, ಎದುರಿನಿಂದ ಬಸ್ಸು ಬಂದರೆ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಭಾರೀ ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಆದೇಶಗಳೂ ಬರುತ್ತಿರುತ್ತವೆ. ಆದ್ದರಿಂದ ನನ್ನ ನೇರ ಉತ್ತರ: ಆಗುಂಬೆಯಲ್ಲಿ ಟ್ರೇಲರ್ ಇಳಿಸಬೇಡಿ. ಸೂರ್ಯಾಸ್ತ ನೋಡುವ ಆಸೆಯಿದ್ದರೆ ಟ್ರೇಲರನ್ನು ಮೇಲೆಯೇ ಎಲ್ಲಾದರೂ ಒಪ್ಪಿಗೆ ಪಡೆದು ನಿಲ್ಲಿಸಿ, ಪಿಕಪ್ಪಿನಲ್ಲಿ ಮಾತ್ರ ಹೋಗಿಬನ್ನಿ. ಘಟ್ಟದ ಮೇಲೆಯೇ ಬೇಕಾದಷ್ಟು ಜಾಗಗಳಿವೆ: ಶಿವಮೊಗ್ಗ, ಸಾಗರ, ಜೋಗದ ಕಡೆಯ ಹೆದ್ದಾರಿ ಟ್ರೇಲರಿಗೆ ಹೇಳಿ ಮಾಡಿಸಿದಂತಿದೆ, ಶರಾವತಿಯ ಹಿನ್ನೀರಿನ ದಡಗಳೂ ಅಲ್ಲಿಂದ ಹತ್ತಿರ.

ಇನ್ನು ಮೂರರಲ್ಲಿ ಯಾವುದು ಎಂಬ ಪ್ರಶ್ನೆ. ವರ್ಷದ 365 ದಿನಗಳಲ್ಲಿ ನೀವು ಟ್ರೇಲರ್ ಎಳೆಯುವುದು ಹೆಚ್ಚೆಂದರೆ ಇಪ್ಪತ್ತು ದಿನ. ಉಳಿದ ದಿನ ಖಾಲಿ ತೊಟ್ಟಿಯ ಪಿಕಪ್ಪಿನಲ್ಲಿ ಹಾಲು, ತರಕಾರಿ, ಗೊಬ್ಬರದ ಚೀಲ, ಒಮ್ಮೊಮ್ಮೆ ಆಸ್ಪತ್ರೆ. ಮೂರಕ್ಕೂ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗುಗಳಿರುವುದರಿಂದ ಖಾಲಿಯಿದ್ದಾಗ ಹೊಂಡದಲ್ಲಿ ಹಿಂಬದಿ ಕುಪ್ಪಳಿಸುತ್ತದೆ; ಕ್ಯಾಂಪರಿನಲ್ಲಿ ಇದು ಹೆಚ್ಚು, ಬೆನ್ನು ನೋವಿರುವವರಿಗೆ ಅದು ದಿನವೂ ಗೊತ್ತಾಗುತ್ತದೆ. ಭಾರ ಹೊರುವುದರಲ್ಲಿ, ಸಣ್ಣ ಊರಿನಲ್ಲೂ ರಿಪೇರಿ ಸಿಗುವುದರಲ್ಲಿ ಕ್ಯಾಂಪರನ್ನು ಮೀರಿಸಿದ್ದಿಲ್ಲ, ಆದರೆ ಅದು ಸರಕು ವಾಹನವಾಗಿ ನೋಂದಣಿಯಾಗುವುದರಿಂದ ಫಿಟ್‌ನೆಸ್ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಟ್ರೇಲರಿನ ಆಸೆಯೇ ಇಲ್ಲದಿದ್ದರೆ ನಿಮ್ಮ ತೋಟಕ್ಕೆ ನಾನು ಅದನ್ನೇ ಹೇಳುತ್ತಿದ್ದೆ. ಆಸೆಯಿರುವುದರಿಂದ, ನಾಲ್ಕು ಚಕ್ರ ಚಾಲನೆಯ ವಿ-ಕ್ರಾಸ್ ನಿಮಗೆ ಸಾಕು ಎಂಬುದು ನನ್ನ ಅಭಿಪ್ರಾಯ, ಮೇಲೆ ಹೇಳಿದ ಹೊರುವ ಮಿತಿಯ ಲೆಕ್ಕದಲ್ಲಿ ಅದು ತೇರ್ಗಡೆಯಾದರೆ ಮಾತ್ರ. ತೇರ್ಗಡೆಯಾಗದಿದ್ದರೆ ಹೈಲಕ್ಸನ್ನೂ ಅದೇ ಲೆಕ್ಕಕ್ಕೆ ಒಡ್ಡಿ ನೋಡಿ. ಎರಡೂ ಸೋತರೆ ಬದಲಾಯಿಸಬೇಕಾದದ್ದು ಟ್ರೇಲರನ್ನು: 700 ಕೆ.ಜಿ.ಯೊಳಗಿನ, ಮೇಲೆ ಗುಡಾರ ಬಿಚ್ಚಿಕೊಳ್ಳುವ ಸಣ್ಣ ಟ್ರೇಲರ್ ನಿಮ್ಮ ಕುಟುಂಬಕ್ಕೆ ಸಾಲಬಹುದು. ಹೈಲಕ್ಸಿಗೂ ವಿ-ಕ್ರಾಸಿಗೂ ಇರುವ ಬೆಲೆಯ ಅಂತರದಲ್ಲಿ ಒಂದು ಭಾಗವನ್ನು ಟ್ರೇಲರಿನ ಬ್ರೇಕು ಮತ್ತು ಟೈರುಗಳಿಗೆ ಹಾಕುವುದು ಹೆಚ್ಚು ವಿವೇಕದ ಖರ್ಚು.

ಪ್ರಶ್ನೆ: ಟ್ರೇಲರ್ ಎಳೆಯಲು ಮ್ಯಾನ್ಯುವಲ್ ಗೇರು ಒಳ್ಳೆಯದೋ ಆಟೊಮ್ಯಾಟಿಕ್ಕೋ? ನಾಲ್ಕು ಚಕ್ರ ಚಾಲನೆ ನಿಜವಾಗಿಯೂ ಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಮೊದಲೆಲ್ಲ ಮ್ಯಾನ್ಯುವಲ್ ಎನ್ನುತ್ತಿದ್ದೆ, ಈಗ ಅಭಿಪ್ರಾಯ ಬದಲಾಗಿದೆ. ಟ್ರೇಲರನ್ನು ಏರಿನಲ್ಲಿ ಹಿಮ್ಮುಖವಾಗಿ ಅಂಗಳಕ್ಕೆ ಹತ್ತಿಸುವಾಗ ಅರೆಕ್ಲಚ್ಚಿನಲ್ಲಿ ಇಂಚಿಂಚಾಗಿ ಸರಿಯಬೇಕಾಗುತ್ತದೆ. ಎರಡು ಮೂರು ಬಾರಿ ಹಾಗೆ ಮಾಡಿದರೆ ಕ್ಲಚ್ಚಿನ ಫಲಕ ಸುಡುವ ವಾಸನೆ ಮೂಗಿಗೆ ಬಡಿಯುತ್ತದೆ. ಈ ಪಿಕಪ್ಪುಗಳ ಆಟೊಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರಿನ ಎಣ್ಣೆಯೇ ಆ ಜಾರಿಕೆಯನ್ನು ತಾಳಿಕೊಳ್ಳುತ್ತದೆ. ಇಳಿಯುವಾಗ ಮಾತ್ರ ಅದನ್ನು ಅದರ ಪಾಡಿಗೆ ಬಿಡದೆ, ಕೈಯಿಂದ ಆಯ್ಕೆ ಮಾಡುವ ಸ್ಥಾನಕ್ಕೆ ತಂದು ಎರಡನೆಯ ಗೇರಿನಲ್ಲಿ ಹಿಡಿದಿಡಿ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಲಾರಿ ಚಾಲಕರು ಹೇಳುವುದು ಆಟೊಮ್ಯಾಟಿಕ್ಕಿಗೂ ಅನ್ವಯಿಸುತ್ತದೆ.

ನಾಲ್ಕು ಚಕ್ರ ಚಾಲನೆ ಹೆದ್ದಾರಿಗೆ ಬೇಡ. ಆದರೆ ಜೂನ್ ಕಳೆದ ಮೇಲೆ ಒದ್ದೆ ಹುಲ್ಲಿನ ಮೈದಾನದಿಂದಲೋ ಹಿನ್ನೀರಿನ ದಡದಿಂದಲೋ ಒಂದು ಟನ್ನಿಗೂ ಮೀರಿದ ಟ್ರೇಲರನ್ನು ಹೊರಕ್ಕೆ ಎಳೆಯಲು ಹಿಂದಿನ ಎರಡು ಚಕ್ರಗಳು ಮಾತ್ರ ಸಾಲುವುದಿಲ್ಲ. ಒಂದು ಸಂಗತಿ ನೆನಪಿರಲಿ: ಈ ಪಿಕಪ್ಪುಗಳಲ್ಲಿರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಏರ್ಪಾಡು. ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದೇ ವೇಗದಲ್ಲಿ ತಿರುಗುವಂತೆ ಅದು ಬಿಗಿಯುತ್ತದೆ. ತಿರುವಿನಲ್ಲಾದರೆ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಬೇಕು. ಮಣ್ಣಿನಲ್ಲಿ ಚಕ್ರ ತುಸು ಜಾರಿ ಸರಿಹೊಂದುತ್ತದೆ, ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಆ ಒತ್ತಡ ಗೇರುಪೆಟ್ಟಿಗೆಗೆ ಹೋಗುತ್ತದೆ. ಡಾಂಬರು ಸಿಕ್ಕೊಡನೆ ಎರಡು ಚಕ್ರಕ್ಕೆ ಬದಲಾಯಿಸಿ.

ಪ್ರಶ್ನೆ: ನನ್ನ ಮನೆ ದುರ್ಗಿಗುಡಿಯಲ್ಲಿದೆ. ದಿನವೂ 3 ಕಿ.ಮೀ. ದೂರದ ಅಂಗಡಿಗೆ ಹೋಗಿಬರುವುದಷ್ಟೇ ಕೆಲಸ. ಟ್ರೇಲರಿಗಾಗಿ ಡೀಸೆಲ್ ಪಿಕಪ್ ಕೊಂಡರೆ ನಗರದಲ್ಲಿ ಕಷ್ಟವಾಗುತ್ತದೆಯೇ? ಟ್ರೇಲರಿಗೂ ನೋಂದಣಿ ಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಾಂಧಿ ಬಜಾರಿನ ಸಂದಣಿಯಲ್ಲಿ 5.3 ಮೀಟರ್ ವಾಹನ ನಿಲ್ಲಿಸುವ ಕಷ್ಟ ನಿಮಗೇ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಚಿಂತೆಯಾಗುವುದು ಎಂಜಿನ್ನಿನ ಹೊಗೆ ಶೋಧಕದ ಬಗ್ಗೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಶೋಧಕವಿರುತ್ತದೆ, ಅದು ಆಗಾಗ ಚೆನ್ನಾಗಿ ಕಾದು ಆ ಮಸಿಯನ್ನು ಸುಟ್ಟುಕೊಳ್ಳಬೇಕು. 3 ಕಿ.ಮೀ. ಓಡಾಟದಲ್ಲಿ ಎಂಜಿನ್ನೇ ಸರಿಯಾಗಿ ಕಾಯುವುದಿಲ್ಲ, ಮಸಿ ಕಟ್ಟುತ್ತಲೇ ಹೋಗಿ ಎಚ್ಚರಿಕೆಯ ದೀಪ ಹತ್ತುತ್ತದೆ. ವಾರಕ್ಕೊಮ್ಮೆಯಾದರೂ ಆಯನೂರಿನ ಕಡೆಗೋ ಭದ್ರಾವತಿಯ ಕಡೆಗೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿಬರುವುದಾದರೆ ಕೊಳ್ಳಿ. ಆಗುವುದಿಲ್ಲವೆಂದಾದರೆ ನಗರಕ್ಕೆ ಸಣ್ಣ ಪೆಟ್ರೋಲ್ ಕಾರು ಇಟ್ಟುಕೊಂಡು, ಪ್ರವಾಸಕ್ಕೆ ಕೋಣೆ ಬಾಡಿಗೆಗೆ ಹಿಡಿಯುವುದೇ ಮೇಲು.

ನೋಂದಣಿ ಬೇಕೇ ಬೇಕು. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಪರಿಗಣಿಸುತ್ತದೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ವಿಮೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚಂದವಾಗಿ ಮಾಡಿಸಿದ ಟ್ರೇಲರಿಗೆ ಅನುಮೋದನೆಯ ಕಾಗದಗಳಿಲ್ಲದಿದ್ದರೆ ಅದು ರಸ್ತೆಗೆ ಇಳಿಯುವಂತಿಲ್ಲ. ಮಾದರಿ ಅನುಮೋದನೆ ಪಡೆದ ತಯಾರಕರಿಂದಲೇ ಕೊಳ್ಳಿ. ಕೊಂಡಿ ಹಾಕಿಸುವ ಮೊದಲೂ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ವಾಹನದ ಮೂಲ ವಿನ್ಯಾಸವನ್ನು ಬದಲಿಸುವುದನ್ನು ಅದೇ ಕಾಯ್ದೆಯ 52ನೇ ವಿಧಿ ನಿರ್ಬಂಧಿಸುತ್ತದೆ.

ಪ್ರಶ್ನೆ: ಕಳೆದ ತಿಂಗಳು ಬೆಂಗಳೂರಿನಿಂದ ಬರುವಾಗ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಸ್ಸೊಂದು ಪಕ್ಕದಿಂದ ಮುಂದೆ ಹೋದ ಕೂಡಲೇ ನಮ್ಮ ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಬ್ರೇಕ್ ಹಾಕಿದರೆ ಇನ್ನೂ ಹೆಚ್ಚಾಯಿತು. ದೇವರ ದಯೆಯಿಂದ ಉಳಿದೆವು. ಏನು ಮಾಡಬೇಕಿತ್ತು?
– ಓದುಗರೊಬ್ಬರು, ಹೊಸನಗರ

ಉತ್ತರ: ನೀವು ಕ್ಷೇಮವಾಗಿರುವುದು ದೊಡ್ಡ ಸಮಾಧಾನ. ಕಾಲು ಬ್ರೇಕನ್ನು ಒತ್ತಿದಾಗ ಪಿಕಪ್ ನಿಧಾನವಾಗುತ್ತದೆ, ಹಿಂದಿನ ಟ್ರೇಲರ್ ಅದನ್ನು ತಳ್ಳುತ್ತದೆ, ಓರೆಯಾಗಿರುವಾಗ ತಳ್ಳಿದರೆ ಬೀಸು ಹೆಚ್ಚಾಗದೆ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸ್ಟೀರಿಂಗನ್ನು ನೇರವಾಗಿ ಗಟ್ಟಿಯಾಗಿ ಹಿಡಿದು, ಬೀಸನ್ನು ಸರಿಪಡಿಸಲು ಅತ್ತಿತ್ತ ತಿರುಗಿಸದೆ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಬೇಕು. ವಿದ್ಯುತ್ ಬ್ರೇಕಿನ ನಿಯಂತ್ರಕವಿದ್ದರೆ ಕೈಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯಬೇಕು; ಆಗ ಹಿಂದಿನಿಂದ ಎಳೆತ ಬಿದ್ದು ಸಾಲು ನೆಟ್ಟಗಾಗುತ್ತದೆ.

ಕಾರಣ ಬಹುಮಟ್ಟಿಗೆ ಹೊರಡುವ ಮೊದಲೇ ಹುಟ್ಟಿರುತ್ತದೆ. ಬೆಂಗಳೂರಿನಲ್ಲಿ ಕೊಂಡ ಸಾಮಾನನ್ನು ಟ್ರೇಲರಿನ ಹಿಂಬಾಗಿಲಿನ ಹತ್ತಿರ ತುಂಬಿಸಿದ್ದಿರಾ? ಹಿಂದುಗಡೆ ಸೈಕಲ್ಲುಗಳನ್ನು ಕಟ್ಟಿದ್ದಿರಾ? ಮೊದಲ ಪ್ರಶ್ನೆಯ ಉತ್ತರದಲ್ಲಿ ಹೇಳಿದಂತೆ ಮೂತಿ ಭಾರವನ್ನು ತೂಗಿ, ಭಾರವಾದ ವಸ್ತುಗಳನ್ನು ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ, ನೆಲದ ಮಟ್ಟದಲ್ಲಿ ಜೋಡಿಸಿ. ಟೈರುಗಳನ್ನೂ ನೋಡಿ: ಮಗ್ಗುಲಿನಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಟ್ರೇಲರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ನಮ್ಮಲ್ಲಿ ಅದು ಇಡೀ ಮಳೆಗಾಲ ಕೊಟ್ಟಿಗೆಯ ಪಕ್ಕ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತಿರುತ್ತದಲ್ಲ. ಮಗ್ಗುಲಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೂ ಬದಲಾಯಿಸಿ. ಇಷ್ಟೆಲ್ಲ ಆದ ಮೇಲೂ ಹೆದ್ದಾರಿಯಲ್ಲಿ 60 ದಾಟಬೇಡಿ. ಬಸ್ಸು ಹಿಂದಿನಿಂದ ಬರುವುದು ಕನ್ನಡಿಯಲ್ಲಿ ಕಂಡ ಕೂಡಲೇ ವೇಗ ತಗ್ಗಿಸಿ, ಅದು ಹಾದುಹೋಗುವವರೆಗೆ ಎಡಕ್ಕೆ ಜಾಗ ಬಿಟ್ಟುಕೊಂಡಿರಿ.